ಉಚಿತ ಅಂತರಜಾಲ: ಬಾಗಿಲು ತೆರೆಯುವವರು, ಬಾಗಿಲು ಕಾಯುವವರು

ನಿಮ್ಮ ಊರಿಗೆ ಸಿರಿವಂತರೊಬ್ಬರು ಬಂದು, "ಇಲ್ಲೊಂದು ವಾಚನಾಲಯ ಕಟ್ಟಿಸಿಕೊಡುತ್ತೇನೆ" ಎಂದರು ಎಂದಿಟ್ಟುಕೊಳ್ಳಿ. ಚಂದಾ ಇಲ್ಲ, ಠೇವಣಿ ಇಲ್ಲ, ಯಾರು ಬೇಕಾದರೂ ಬಂದು ಓದಬಹುದು. ಆದರೆ ಒಂದು ಷರತ್ತು ಇದೆ. ಕಪಾಟಿನಲ್ಲಿ ಎಂಥ ಪುಸ್ತಕ ಇರಬೇಕು ಎಂಬ ನಿಯಮ ಮಾಡುವವರು ಅವರೇ. ಬೇರೆ ಪುಸ್ತಕ ಬೇಕೆಂದರೆ ಪಕ್ಕದ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ನಿಮ್ಮ ಊರಿನಲ್ಲಿ ಈವರೆಗೆ ಒಂದು ಪುಸ್ತಕವೂ ಇರಲಿಲ್ಲ. ಈಗ ಹೇಳಿ, ನೀವು ಒಪ್ಪುತ್ತೀರಾ?

"ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ" ಎಂಬ ಗಾದೆ ನಿಮಗೆ ನೆನಪಾಗಬಹುದು. ಇಲ್ಲದ ಊರಿಗೆ ನಾಲ್ಕು ಪುಸ್ತಕ ಬಂದರೆ ತಪ್ಪೇನು ಎಂದೂ ಅನಿಸಬಹುದು. ಅಥವಾ, ಆ ನಾಲ್ಕು ಪುಸ್ತಕಗಳನ್ನೇ ಊರಿನ ಮಕ್ಕಳು ಇಡೀ ಪ್ರಪಂಚ ಎಂದು ತಿಳಿದುಬಿಟ್ಟರೆ ಏನು ಗತಿ ಎಂಬ ಸಂಶಯವೂ ಬರಬಹುದು. 2015 ಮತ್ತು 2016ರಲ್ಲಿ ಭಾರತದಲ್ಲಿ ಇದೇ ಪ್ರಶ್ನೆಯ ಮೇಲೆ ಭಾರಿ ಚರ್ಚೆ ನಡೆಯಿತು. ಅಲ್ಲಿ ಪುಸ್ತಕಗಳ ಬದಲು ಜಾಲತಾಣಗಳಿದ್ದವು. ಆ ಚರ್ಚೆಯ ಕಥೆಯನ್ನೂ ಅದರ ಹಿಂದಿರುವ ತಂತ್ರಜ್ಞಾನವನ್ನೂ ಈಗ ನೋಡೋಣ. ಅದಕ್ಕೆ ಮೊದಲು ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕು.

ನಡುವೆ ಕುಳಿತವರ ಕೈ

ತಂತಿ ಮತ್ತು ದೂರವಾಣಿ ಬಂದ ದಿನದಿಂದಲೂ ಒಂದು ಅಂಜಿಕೆ ಜನರನ್ನು ಕಾಡಿದೆ. ನನ್ನ ಸುದ್ದಿಯನ್ನು ಹೊತ್ತೊಯ್ಯುವವನು ಅದನ್ನು ತಡೆದರೆ? ಬೇರೆಯವರ ಸುದ್ದಿಯನ್ನು ಮೊದಲು ಕಳಿಸಿದರೆ? ಅಮೆರಿಕದ ಸಂಸತ್ತು 1860ರಲ್ಲಿ ಪೆಸಿಫಿಕ್ ತೀರಕ್ಕೆ ತಂತಿ ಎಳೆಯಲು ಕಾಯಿದೆ ಮಾಡಿದಾಗ ಈ ಅಂಜಿಕೆಗೆ ಉತ್ತರವನ್ನು ಅದರಲ್ಲೇ ಬರೆದಿತ್ತು. ಯಾರೇ ತಂದುಕೊಡಲಿ, ಸಂದೇಶಗಳನ್ನು ಬಂದ ಸರದಿಯಲ್ಲೇ, ಪಕ್ಷಪಾತವಿಲ್ಲದೆ ಕಳಿಸಬೇಕು. ಸರ್ಕಾರದ ಸಂದೇಶಗಳಿಗೆ ಮಾತ್ರ ಆದ್ಯತೆ.

ಕಾಯಿದೆ ಒಂದು ದಾರಿಯಾದರೆ ಯಂತ್ರ ಇನ್ನೊಂದು ದಾರಿ. ಆರಂಭದ ದೂರವಾಣಿಯಲ್ಲಿ ನೀವು ನೇರವಾಗಿ ಯಾರಿಗೂ ಕರೆ ಮಾಡುವಂತಿರಲಿಲ್ಲ. ವಿನಿಮಯ ಕೇಂದ್ರದಲ್ಲಿ ಕುಳಿತ ಆಪರೇಟರ್‌ಗೆ "ಇಂಥವರ ಮನೆಗೆ ಕೊಡಿ" ಎನ್ನಬೇಕು, ಆಕೆ ತಂತಿ ಜೋಡಿಸಬೇಕು. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ಕಸುಬು ನಡೆಸುತ್ತಿದ್ದ. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ತನ್ನ ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾಳೆ ಎಂಬ ಗುಮಾನಿ ಅವನಿಗೆ ಬಂತಂತೆ. ಇದು ಎಷ್ಟು ನಿಜವೋ ಹೇಳುವುದು ಕಷ್ಟ. ಆದರೆ ಅವನು ಕಂಡುಹಿಡಿದ ಯಂತ್ರ ಮಾತ್ರ ನಿಜ. 1891ರ ಮಾರ್ಚ್‌ನಲ್ಲಿ ಅವನಿಗೆ ಸ್ವಯಂಚಾಲಿತ ವಿನಿಮಯ ಕೇಂದ್ರದ ಪೇಟೆಂಟ್ ದೊರೆಯಿತು. 1892ರ ನವೆಂಬರ್‌ನಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಊರಿನಲ್ಲಿ ಅಂಥ ಮೊದಲ ಕೇಂದ್ರ ಕೆಲಸ ಆರಂಭಿಸಿತು. ಚಂದಾದಾರ ಕಳಿಸಿದ ವಿದ್ಯುತ್ ಮಿಡಿತಗಳ ಲೆಕ್ಕಕ್ಕೆ ತಕ್ಕಂತೆ ವಿದ್ಯುತ್ಕಾಂತಗಳು ಒಂದು ಕಡ್ಡಿಯನ್ನು ಹಂತ ಹಂತವಾಗಿ ಸರಿಸಿ, ಬೇಕಾದ ತಂತಿಗೆ ಮುಟ್ಟಿಸುತ್ತಿದ್ದವು. ಕರೆ ಯಾರದು, ಯಾತಕ್ಕೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಅದು ಪಕ್ಷಪಾತ ಮಾಡಲಾರದು.

ಪೊಟ್ಟಣಗಳ ಪಯಣ

ಅಂತರಜಾಲವನ್ನು ರೂಪಿಸಿದವರೂ ಇಂಥದೇ "ಕುರುಡು" ವ್ಯವಸ್ಥೆಯನ್ನು ಕಟ್ಟಿದರು. ನೀವು ಕಳಿಸುವ ಪತ್ರ, ಚಿತ್ರ, ಹಾಡು ಯಾವುದೇ ಇರಲಿ, ಅದು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಪ್ರತಿ ಪೊಟ್ಟಣದ ಮೇಲೂ ಕಳಿಸಿದವರ ಮತ್ತು ಪಡೆಯುವವರ ವಿಳಾಸ, ಸಂಖ್ಯೆಗಳ ರೂಪದಲ್ಲಿ ಇರುತ್ತದೆ. ದಾರಿಯಲ್ಲಿರುವ ರೌಟರ್ ಎಂಬ ಉಪಕರಣ ವಿಳಾಸ ನೋಡಿ ಪೊಟ್ಟಣವನ್ನು ಮುಂದಿನ ನಿಲ್ದಾಣಕ್ಕೆ ದಾಟಿಸುತ್ತದೆ. ಒಳಗೆ ಏನಿದೆ ಎಂದು ಅದು ಬಿಚ್ಚಿ ನೋಡಬೇಕಾಗಿಲ್ಲ. ಜಾಣತನವೆಲ್ಲ ಎರಡು ತುದಿಗಳ ಗಣಕಗಳಲ್ಲಿ ಇರಲಿ, ನಡುವಿನ ಜಾಲ ಸರಳವಾಗಿರಲಿ ಎಂಬ ಈ ತತ್ತ್ವವನ್ನು ಸಾಲ್ಟ್‌ಜರ್, ರೀಡ್ ಮತ್ತು ಕ್ಲಾರ್ಕ್ ಎಂಬ ಮೂವರು 1981ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು.

ಇದರ ಫಲ ದೊಡ್ಡದು. ಹೊಸದೊಂದು ಸೇವೆ ಆರಂಭಿಸಲು ಜಾಲದ ಒಡೆಯರ ಅಪ್ಪಣೆ ಬೇಕಾಗಲಿಲ್ಲ. ಟಿಮ್ ಬರ್ನರ್ಸ್-ಲೀ 1989ರಲ್ಲಿ ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಮುಂದಿಟ್ಟಾಗ ಯಾವ ದೂರವಾಣಿ ಕಂಪನಿಯನ್ನೂ ಕೇಳಬೇಕಾಗಿರಲಿಲ್ಲ. ಅವರು ಕೆಲಸ ಮಾಡುತ್ತಿದ್ದ ಜಿನೀವಾದ ಸರ್ನ್ ಸಂಸ್ಥೆ 1993ರ ಏಪ್ರಿಲ್‌ನಲ್ಲಿ ಅದನ್ನು ಎಲ್ಲರ ಬಳಕೆಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಸಣ್ಣವರು, ದೊಡ್ಡವರು ಎಂಬ ಭೇದವಿಲ್ಲದೆ ಎಲ್ಲ ಪೊಟ್ಟಣಗಳನ್ನೂ ಒಂದೇ ರೀತಿ ಸಾಗಿಸಬೇಕು ಎಂಬ ನಿಯಮಕ್ಕೆ "ನೆಟ್ ನ್ಯೂಟ್ರಾಲಿಟಿ" ಎಂಬ ಹೆಸರು ಚಾಲ್ತಿಗೆ ಬಂದದ್ದು ಕಾನೂನು ಪ್ರಾಧ್ಯಾಪಕ ಟಿಮ್ ವೂ ಅವರ 2003ರ ಒಂದು ಲೇಖನದಿಂದ. ಕನ್ನಡದಲ್ಲಿ ಇದನ್ನು ಅಂತರಜಾಲ ತಾಟಸ್ಥ್ಯ ಎನ್ನಬಹುದು.

ಆದರೆ ಕುರುಡು ಯಂತ್ರಕ್ಕೆ ಕಣ್ಣು ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಪೊಟ್ಟಣದ ಒಳಗಿನ ಗುರುತುಗಳನ್ನು ಪರೀಕ್ಷಿಸಿ, ಇದು ವಿಡಿಯೊ, ಇದು ಧ್ವನಿ ಕರೆ, ಇದು ಇಂಥ ಕಂಪನಿಯದು ಎಂದು ವಿಂಗಡಿಸುವ ಉಪಕರಣಗಳು ಬಂದವು. ವಿಂಗಡಿಸಲು ಸಾಧ್ಯವಾದರೆ ತಡೆಯಲೂಬಹುದು, ನಿಧಾನ ಮಾಡಲೂಬಹುದು, ಬೇರೆ ಬೇರೆ ದರ ಹಾಕಲೂಬಹುದು.

ನಮ್ಮಲ್ಲಿ ಮೊದಲ ಜಗಳಗಳು

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಸರ್ಕಾರಿ ಸ್ವಾಮ್ಯದ ವಿದೇಶ ಸಂಚಾರ ನಿಗಮ ಇದನ್ನು ಒದಗಿಸಿತು. ಆ ನಿಗಮದ ಮುಖ್ಯ ವರಮಾನ ವಿದೇಶಿ ದೂರವಾಣಿ ಕರೆಗಳಿಂದ ಬರುತ್ತಿತ್ತು. ಅಂತರಜಾಲದ ಮೂಲಕವೇ ಮಾತನಾಡುವ ತಂತ್ರಾಂಶಗಳು ಬಂದಾಗ ಅವು ಆ ವರಮಾನಕ್ಕೆ ಕುತ್ತು ತರುವಂತಿದ್ದವು. ಹಾಗಾಗಿ ಅಂಥ ಕರೆಗಳಿಗೆ ನಿಷೇಧವಿತ್ತು. ಹೊರದೇಶದ ಮಗನೊಂದಿಗೆ ಅಂತರಜಾಲದಲ್ಲಿ ಮಾತನಾಡುವುದು ನಿಯಮಕ್ಕೆ ವಿರುದ್ಧವಾಗಿದ್ದ ಕಾಲ ಅದು. 2002ರ ಏಪ್ರಿಲ್ 1ರಿಂದ ಸರ್ಕಾರ ಇದಕ್ಕೆ ಅನುಮತಿ ನೀಡಿತು.

ಅದೇ ಜಗಳ ಹನ್ನೆರಡು ವರ್ಷಗಳ ನಂತರ ಬೇರೆ ವೇಷದಲ್ಲಿ ಮರಳಿತು. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಕಂಪನಿಯು ಅಂತರಜಾಲದ ಮೂಲಕ ಮಾಡುವ ಕರೆಗಳಿಗೆ ಬೇರೆ ದರ ವಿಧಿಸುವುದಾಗಿ ಪ್ರಕಟಿಸಿತು. ಗ್ರಾಹಕರ ಸಿಟ್ಟು ಕಂಡು ಕೆಲವೇ ದಿನಗಳಲ್ಲಿ ಆ ಯೋಜನೆಯನ್ನು ಹಿಂತೆಗೆದುಕೊಂಡಿತು. ಕಂಪನಿಗಳ ವಾದವನ್ನೂ ನಾವು ಕೇಳಬೇಕು. ತರಂಗಾಂತರಕ್ಕಾಗಿ ಸರ್ಕಾರಕ್ಕೆ ಸಾವಿರಾರು ಕೋಟಿ ರೂಪಾಯಿ ಕಟ್ಟಿದವರು ನಾವು, ಗೋಪುರ ನೆಟ್ಟವರು ನಾವು, ಆದರೆ ನಮ್ಮ ದಾರಿಯ ಮೇಲೆ ಗಾಡಿ ಓಡಿಸಿ ಲಾಭ ಮಾಡುವವರು ಬೇರೆಯವರು ಎಂಬುದು ಅವರ ಅಳಲು. ಇದರಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಆದರೆ ಅದೇ ದಾರಿಗೆ ಗ್ರಾಹಕ ದತ್ತಾಂಶದ ಲೆಕ್ಕದಲ್ಲಿ ಆಗಲೇ ಸುಂಕ ಕಟ್ಟಿರುತ್ತಾನೆ. ಗಾಡಿಯಲ್ಲಿರುವುದು ಭತ್ತವೋ ರಾಗಿಯೋ ಎಂದು ನೋಡಿ ಇನ್ನೊಮ್ಮೆ ಸುಂಕ ಕೇಳುವುದು ಸರಿಯೇ ಎಂಬುದು ಪ್ರಶ್ನೆ.

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2015ರ ಮಾರ್ಚ್ 27ರಂದು ಈ ಕುರಿತು ಒಂದು ಸಮಾಲೋಚನಾ ಪತ್ರ ಹೊರಡಿಸಿತು. 118 ಪುಟ, 20 ಪ್ರಶ್ನೆ. ಸಾಮಾನ್ಯವಾಗಿ ಇಂಥ ಪತ್ರಗಳಿಗೆ ಉತ್ತರಿಸುವವರು ಕಂಪನಿಗಳು ಮತ್ತು ಕೆಲವು ತಜ್ಞರು ಮಾತ್ರ. ಈ ಬಾರಿ ಸ್ವಯಂಸೇವಕರ ಒಂದು ಗುಂಪು ಆ ಪತ್ರವನ್ನು ಸರಳ ಭಾಷೆಗೆ ಇಳಿಸಿ, ಉತ್ತರಗಳ ಮಾದರಿಯನ್ನು ಸಿದ್ಧಪಡಿಸಿ, ಒಂದು ಗುಂಡಿ ಒತ್ತಿದರೆ ಟ್ರಾಯ್‌ಗೆ ಇ-ಮೇಲ್ ಹೋಗುವಂತೆ ಮಾಡಿತು. ಕೆಲವೇ ವಾರಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ಟ್ರಾಯ್ ಕಚೇರಿಗೆ ಬಂದು ಬಿದ್ದವು. ಇದೇ ವೇಳೆ, ಕೆಲವು ಆ್ಯಪ್‌ಗಳ ಬಳಕೆಯನ್ನು ಗ್ರಾಹಕನಿಗೆ ಉಚಿತ ಮಾಡಿ ಖರ್ಚನ್ನು ಆ್ಯಪ್ ಕಂಪನಿಯಿಂದ ವಸೂಲು ಮಾಡುವ "ಏರ್‌ಟೆಲ್ ಜೀರೊ" ಯೋಜನೆಗೆ ಸೇರಲು ಮಾತುಕತೆ ನಡೆಸಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್, ಬಳಕೆದಾರರ ವಿರೋಧ ಎದುರಿಸಿ ಏಪ್ರಿಲ್ 14ರಂದು ಹಿಂದೆ ಸರಿಯಿತು.

ಶೂನ್ಯ ದರದ ಲೆಕ್ಕ

ಏರ್‌ಟೆಲ್ ಜೀರೊದಂಥ ಯೋಜನೆಗಳಿಗೆ ಶೂನ್ಯ ದರ ಯೋಜನೆ ಎನ್ನುತ್ತಾರೆ. ಇದು ಹೇಗೆ ನಡೆಯುತ್ತದೆ? ನಿಮ್ಮ ಮೊಬೈಲ್‌ನಿಂದ ಹೊರಟ ಪೊಟ್ಟಣಗಳು ಅಂತರಜಾಲ ಸೇರುವ ಮೊದಲು ಕಂಪನಿಯ ಒಂದು ಹೆಬ್ಬಾಗಿಲನ್ನು ದಾಟಬೇಕು. ಎಷ್ಟು ದತ್ತಾಂಶ ಹೋಯಿತು, ಎಷ್ಟು ಬಂತು ಎಂಬ ಲೆಕ್ಕ ಇಡುವುದು ಇಲ್ಲಿಯೇ. ಕೆಲವು ವಿಳಾಸಗಳ ಪಟ್ಟಿಯನ್ನು ಇಲ್ಲಿ ಮೊದಲೇ ಬರೆದಿಟ್ಟು, ಇವಕ್ಕೆ ಲೆಕ್ಕ ಬೇಡ ಎಂದು ಸೂಚಿಸಿದರೆ ಆಯಿತು. ಆ ತಾಣಗಳನ್ನು ಎಷ್ಟು ನೋಡಿದರೂ ನಿಮ್ಮ ಖಾತೆಯಿಂದ ಪೈಸೆ ಕಡಿತವಾಗುವುದಿಲ್ಲ.

ಇದರ ಹಿಂದೆ ಒಳ್ಳೆಯ ಉದ್ದೇಶವೂ ಇರಬಹುದು. ಜಾಹೀರಾತಿಲ್ಲದ, ಲಾಭದ ಗುರಿಯಿಲ್ಲದ ವಿಕಿಪೀಡಿಯ ವಿಶ್ವಕೋಶವೂ 2012ರಿಂದ "ವಿಕಿಪೀಡಿಯ ಜೀರೊ" ಎಂಬ ಹೆಸರಿನಲ್ಲಿ ಅನೇಕ ದೇಶಗಳಲ್ಲಿ ಹೀಗೆ ಉಚಿತವಾಗಿ ದೊರೆಯುತ್ತಿತ್ತು. ಆ ಯೋಜನೆ 2018ರಲ್ಲಿ ಮುಗಿಯಿತು. ವಿಶ್ವಕೋಶ ಉಚಿತವಾದರೆ ಸಂತೋಷ ಪಡುವ ನಾವು, ಇನ್ನೊಂದು ಉಚಿತವಾದರೆ ಯಾಕೆ ವಿರೋಧಿಸಬೇಕು? ಪಟ್ಟಿ ಬರೆಯುವ ಲೇಖನಿ ಯಾರ ಕೈಯಲ್ಲಿದೆ ಎಂದು ಕೇಳಿದಾಗ ಮಾತ್ರ ಈ ತೊಡಕು ಬಿಡಿಸಿಕೊಳ್ಳುತ್ತದೆ.

ಫೇಸ್‌ಬುಕ್ 2013ರ ಆಗಸ್ಟ್‌ನಲ್ಲಿ ಕೆಲವು ಮೊಬೈಲ್ ತಯಾರಕರೊಡನೆ ಸೇರಿ "ಇಂಟರ್ನೆಟ್ ಡಾಟ್ ಆರ್ಗ್" ಎಂಬ ಯೋಜನೆಯನ್ನು ಪ್ರಕಟಿಸಿತು. ಪ್ರಪಂಚದ ಮೂರನೇ ಎರಡು ಪಾಲು ಜನರಿಗೆ ಆಗ ಅಂತರಜಾಲ ಇರಲಿಲ್ಲ. ಅವರನ್ನು ತಲುಪುವುದೇ ಗುರಿ ಎಂದು ಅದು ಹೇಳಿತು. ಭಾರತದಲ್ಲಿ ಇದು 2015ರ ಫೆಬ್ರವರಿಯಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಗ್ರಾಹಕರಿಗಾಗಿ ಆರಂಭವಾಯಿತು. ಮೂವತ್ತಕ್ಕೂ ಹೆಚ್ಚು ತಾಣಗಳು ಉಚಿತ. ಹುಡುಕಲು ಬಿಂಗ್ ಇತ್ತು. ಆದರೆ ಹುಡುಕಿ ಸಿಕ್ಕಿದ ತಾಣ ಪಟ್ಟಿಯ ಹೊರಗಿದ್ದರೆ ಅದನ್ನು ತೆರೆಯಲು ಹಣ ತೆರಬೇಕಿತ್ತು. ಆರಂಭದ ಪ್ರದೇಶಗಳಲ್ಲಿ ಕರ್ನಾಟಕ ಇರಲಿಲ್ಲ, ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇರಲಿಲ್ಲ. ಇಷ್ಟು ಕೋಟಿ ಜನರ ಭಾಷೆ ಇರಬೇಕೋ ಬೇಡವೋ ಎಂಬ ತೀರ್ಮಾನ ಕೂಡ ಆ ಲೇಖನಿಯದೇ ಆಗಿತ್ತು.

ಟೀಕೆಗಳ ನಂತರ ಫೇಸ್‌ಬುಕ್ ಕೆಲವು ಬದಲಾವಣೆ ಮಾಡಿತು. ತಾಂತ್ರಿಕ ನಿಯಮಗಳನ್ನು ಪಾಲಿಸುವ ಯಾರು ಬೇಕಾದರೂ ಸೇರಬಹುದು ಎಂದಿತು. 2015ರ ಸೆಪ್ಟೆಂಬರ್‌ನಲ್ಲಿ ಸೇವೆಗೆ "ಫ್ರೀ ಬೇಸಿಕ್ಸ್" ಎಂದು ಹೊಸ ಹೆಸರಿಟ್ಟಿತು. ಆದರೂ ಎರಡು ಅಂಶಗಳು ಉಳಿದವು. ತಾಂತ್ರಿಕ ನಿಯಮಗಳನ್ನು ಬರೆಯುವುದು, ಬದಲಿಸುವುದು ಅದರ ಕೈಯಲ್ಲೇ ಇತ್ತು. ವಿಡಿಯೊ, ದೊಡ್ಡ ಚಿತ್ರಗಳಿಗೆ ಅಲ್ಲಿ ಅವಕಾಶವಿರಲಿಲ್ಲ. ಜೊತೆಗೆ, ಬಳಕೆದಾರನ ಪೊಟ್ಟಣಗಳೆಲ್ಲ ಫೇಸ್‌ಬುಕ್‌ನದೇ ಮಧ್ಯವರ್ತಿ ಗಣಕದ ಮೂಲಕ ಹಾದುಹೋಗಬೇಕಿತ್ತು. ಸ್ಟ್ರೌಜರ್ ನೂರಿಪ್ಪತ್ತು ವರ್ಷಗಳ ಹಿಂದೆ ಎಬ್ಬಿಸಿ ಕಳಿಸಿದ್ದ ಆಪರೇಟರ್ ಮತ್ತೆ ಬಂದು ಕುರ್ಚಿಯಲ್ಲಿ ಕುಳಿತಂತಾಯಿತು.

ಇಪ್ಪತ್ತನಾಲ್ಕು ಲಕ್ಷ ಉತ್ತರಗಳು

2015ರ ಡಿಸೆಂಬರ್ 9ರಂದು ಟ್ರಾಯ್ ಎರಡನೆಯ ಪತ್ರ ಹೊರಡಿಸಿತು. ತಾಣಕ್ಕೊಂದು ದರ ಇರಬಹುದೇ ಎಂಬುದು ಇದರ ವಿಷಯ. ಈ ಬಾರಿ ನಾಲ್ಕೇ ಪ್ರಶ್ನೆಗಳು. ಫ್ರೀ ಬೇಸಿಕ್ಸ್ ಸೇವೆಯನ್ನು ಸದ್ಯಕ್ಕೆ ನಿಲ್ಲಿಸುವಂತೆಯೂ ರಿಲಯನ್ಸ್‌ಗೆ ಸೂಚನೆ ಹೋಯಿತು.

ಮುಂದಿನ ತಿಂಗಳು ನಡೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತುಗಳು ಬಂದವು. ಫೇಸ್‌ಬುಕ್ ತೆರೆದವರಿಗೆ, ಫ್ರೀ ಬೇಸಿಕ್ಸ್ ಉಳಿಸಲು ಟ್ರಾಯ್‌ಗೆ ಬರೆಯಿರಿ ಎಂಬ ಸೂಚನೆ ಕಾಣುತ್ತಿತ್ತು. ಡಿಸೆಂಬರ್ 28ರಂದು ಮಾರ್ಕ್ ಜುಕರ್‌ಬರ್ಗ್ ಸ್ವತಃ ಇಂಗ್ಲಿಷ್ ದಿನಪತ್ರಿಕೆಯೊಂದಕ್ಕೆ ಲೇಖನ ಬರೆದರು. ಗ್ರಂಥಾಲಯದ ಹೋಲಿಕೆ ಕೊಟ್ಟವರು ಅವರೇ. ಸಾರ್ವಜನಿಕ ಗ್ರಂಥಾಲಯದಲ್ಲಿ ಎಲ್ಲ ಪುಸ್ತಕಗಳೂ ಇರುವುದಿಲ್ಲ, ಆದರೂ ಅದರಿಂದ ಉಪಕಾರವಾಗುತ್ತದೆ ಎಂಬುದು ಅವರ ವಾದದ ಸಾರ. ಈ ಲೇಖನದ ಮೊದಲಿಗೆ ನಾನು ಕೇಳಿದ ಪ್ರಶ್ನೆ ಅಲ್ಲಿಂದ ಹುಟ್ಟಿದ್ದು.

ಹೋಲಿಕೆ ಚೆನ್ನಾಗಿದೆ. ಆದರೆ ನಮ್ಮ ಗ್ರಂಥಾಲಯ ಹೇಗೆ ನಡೆಯುತ್ತದೆ ಎಂಬುದನ್ನು ಒಮ್ಮೆ ನೋಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಅಂದರೆ ಅದು ಬಿಟ್ಟಿ ಅಲ್ಲ, ನಾವೇ ಹಣ ಹಾಕಿ ನಡೆಸುವಂಥದ್ದು. ಪುಸ್ತಕದ ಆಯ್ಕೆ ಸರಿಯಿಲ್ಲ ಎಂದು ಜಗಳವಾಡುವ ಹಕ್ಕು ನಮಗಿದೆ. ಗ್ರಂಥಪಾಲಕರು ಪುಸ್ತಕದ ವ್ಯಾಪಾರಿಯಲ್ಲ. ನೀವು ಯಾವ ಪುಟವನ್ನು ಎಷ್ಟು ಹೊತ್ತು ಓದಿದಿರಿ ಎಂಬುದನ್ನು ಅವರು ಬರೆದಿಟ್ಟುಕೊಳ್ಳುವುದೂ ಇಲ್ಲ.

ವಿರೋಧದ ದನಿಯೂ ಜೋರಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿಗಳ ಅಧ್ಯಾಪಕರು ಫ್ರೀ ಬೇಸಿಕ್ಸ್ ವಿರುದ್ಧ ಜಂಟಿ ಹೇಳಿಕೆ ನೀಡಿದರು. ಇನ್ಫೋಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ನಂದನ್ ನಿಲೇಕಣಿ ಅವರು ವಿರಲ್ ಶಾ ಅವರೊಡನೆ ಬರೆದ ಲೇಖನದಲ್ಲಿ ಬೇರೊಂದು ದಾರಿ ಸೂಚಿಸಿದರು. ಬಡವರಿಗೆ ನೆರವಾಗಬೇಕೆಂದರೆ ಅಡುಗೆ ಅನಿಲದ ಸಹಾಯಧನದಂತೆ ದತ್ತಾಂಶವನ್ನೇ ನೇರವಾಗಿ ಕೊಡಿ, ಯಾವ ತಾಣ ನೋಡಬೇಕೆಂದು ಅವರೇ ತೀರ್ಮಾನಿಸಲಿ ಎಂಬುದು ಅದರ ಸಾರ.

ಟ್ರಾಯ್‌ಗೆ ಬಂದ ಉತ್ತರಗಳು ಸುಮಾರು 24 ಲಕ್ಷ. ಅವುಗಳಲ್ಲಿ ಸುಮಾರು 19 ಲಕ್ಷ ಫ್ರೀ ಬೇಸಿಕ್ಸ್ ಪರವಾಗಿದ್ದವು. ತಾಟಸ್ಥ್ಯದ ಪರ ಇದ್ದವರ ಅಭಿಯಾನದಿಂದ ಬಂದವು ಸುಮಾರು 4.8 ಲಕ್ಷ. ಮತ ಎಣಿಕೆಯಾಗಿದ್ದರೆ ಫಲಿತಾಂಶ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ 19 ಲಕ್ಷ ಉತ್ತರಗಳು ಹೆಚ್ಚಾಗಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು, ಮತ್ತು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಿರಲಿಲ್ಲ. ಟ್ರಾಯ್ ಇದನ್ನು ಫೇಸ್‌ಬುಕ್‌ಗೆ ಬಿರುಸಾದ ಪತ್ರ ಬರೆದೇ ತಿಳಿಸಿತು. ನಿಜ ಹೇಳಬೇಕೆಂದರೆ ಇನ್ನೊಂದು ಕಡೆಯವರದೂ ಸಿದ್ಧ ಮಾದರಿಯ ಪತ್ರಗಳೇ. ವ್ಯತ್ಯಾಸ ಇಷ್ಟೇ, ಅವುಗಳಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರವಿತ್ತು. ಸಮಾಲೋಚನೆ ಎಂದರೆ ಕೈ ಎತ್ತಿಸಿ ಎಣಿಸುವುದಲ್ಲ, ಕಾರಣಗಳನ್ನು ತೂಗಿ ನೋಡುವುದು ಎಂಬ ನಿಲುವನ್ನು ಪ್ರಾಧಿಕಾರ ತಳೆಯಿತು.

ಈ ನಿಲುವಿನ ಬೆಲೆ ತಿಳಿಯಲು ಅಮೆರಿಕದತ್ತ ನೋಡಬೇಕು. ಅಲ್ಲಿ 2015ರಲ್ಲಿ ಬಂದ ತಾಟಸ್ಥ್ಯದ ನಿಯಮಗಳನ್ನು 2017ರಲ್ಲಿ ರದ್ದುಪಡಿಸುವ ಮುನ್ನ ಜನಾಭಿಪ್ರಾಯ ಕೇಳಲಾಯಿತು. ಎರಡು ಕೋಟಿ 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳಲ್ಲಿ ಸುಮಾರು ಒಂದು ಕೋಟಿ 80 ಲಕ್ಷ ಉತ್ತರಗಳು ನಕಲಿ ಎಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ 2021ರಲ್ಲಿ ಪ್ರಕಟಿಸಿದ ತನಿಖಾ ವರದಿ ತಿಳಿಸಿತು. ನಕಲಿಗಳು ಎರಡೂ ಪಕ್ಷಗಳಲ್ಲಿದ್ದವು.

2016ರ ಫೆಬ್ರವರಿ 8

ಆ ದಿನ ಟ್ರಾಯ್ ತನ್ನ ನಿಯಮಾವಳಿಯನ್ನು ಪ್ರಕಟಿಸಿತು. ಯಾವ ಸೇವಾ ಕಂಪನಿಯೂ ನೋಡುವ ವಿಷಯದ ಆಧಾರದ ಮೇಲೆ ದತ್ತಾಂಶಕ್ಕೆ ಬೇರೆ ಬೇರೆ ದರ ವಿಧಿಸುವಂತಿಲ್ಲ. ಮೀರಿದರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ ರೂಪಾಯಿ. ಪ್ರವಾಹ, ಭೂಕಂಪದಂಥ ತುರ್ತು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ. ಗಮನಿಸಿ, ಉಚಿತವಾಗಿ ದತ್ತಾಂಶ ಕೊಡುವುದನ್ನು ಟ್ರಾಯ್ ನಿಷೇಧಿಸಲಿಲ್ಲ. ಕೊಡುವವರೇ ಆರಿಸುವುದನ್ನು ನಿಷೇಧಿಸಿತು. ಮೂರು ದಿನಗಳ ನಂತರ ಫ್ರೀ ಬೇಸಿಕ್ಸ್ ಭಾರತದಲ್ಲಿ ಕೊನೆಗೊಂಡಿತು.

ಇನ್ನೂ ಹಲವು ದೇಶಗಳಲ್ಲಿ ಅದು ಮುಂದುವರಿಯಿತು. ಗ್ಲೋಬಲ್ ವಾಯ್ಸಸ್ ಎಂಬ ಸಂಸ್ಥೆಯವರು 2017ರಲ್ಲಿ ಘಾನಾ, ಕೀನ್ಯ, ಪಾಕಿಸ್ತಾನ, ಫಿಲಿಪ್ಪೀನ್ಸ್ ಮುಂತಾದ ಆರು ದೇಶಗಳಲ್ಲಿ ಅದನ್ನು ಬಳಸಿ ನೋಡಿದರು. ಅಲ್ಲಿನ ಜನರ ಭಾಷೆಗಳ ಅಗತ್ಯವನ್ನು ಅದು ಪೂರೈಸುವುದಿಲ್ಲ, ಸ್ಥಳೀಯರಿಗೆ ಬೇಕಾದ ವಿಷಯ ಕಡಿಮೆ ಎಂಬುದು ಅವರಿಗೆ ಕಂಡುಬಂದ ಮುಖ್ಯ ಅಂಶ.

ಭಾರತದಲ್ಲಿ ಕೇಂದ್ರ ಸರ್ಕಾರವು 2018ರ ಜುಲೈನಲ್ಲಿ ಟ್ರಾಯ್ ಶಿಫಾರಸುಗಳನ್ನು ಒಪ್ಪಿ, ದರವಷ್ಟೇ ಅಲ್ಲ, ತಡೆಯುವುದು, ನಿಧಾನ ಮಾಡುವುದು, ಹಣ ಪಡೆದು ಮುಂದಕ್ಕೆ ಬಿಡುವುದು ಕೂಡ ಸಲ್ಲದು ಎಂಬ ತತ್ತ್ವಕ್ಕೆ ಮನ್ನಣೆ ನೀಡಿತು. ಅಮೆರಿಕದಲ್ಲಿ ನಿಯಮಗಳು 2017ರಲ್ಲಿ ಹೋಗಿ, 2024ರಲ್ಲಿ ಮರಳಿ, 2025ರ ಜನವರಿಯಲ್ಲಿ ನ್ಯಾಯಾಲಯದ ತೀರ್ಪಿನಿಂದ ಮತ್ತೆ ಬಿದ್ದುಹೋದವು.

ಮತ್ತೊಂದು ಬಗೆಯ ಉಚಿತ

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತ ಎನ್ನಬಹುದಿತ್ತು. ಆದರೆ ಏಳು ತಿಂಗಳಲ್ಲೇ ಇನ್ನೊಂದು ಉಚಿತ ಬಂತು. 2016ರ ಸೆಪ್ಟೆಂಬರ್ 5ರಂದು ರಿಲಯನ್ಸ್ ಜಿಯೊ ಸೇವೆ ಆರಂಭವಾಯಿತು. ಮುಂದಿನ ಮಾರ್ಚ್ ಕೊನೆಯವರೆಗೂ ಕರೆ, ದತ್ತಾಂಶ ಎರಡೂ ಉಚಿತ. ಸಿಮ್‌ಗಾಗಿ ಅಂಗಡಿಗಳ ಮುಂದೆ ಸರದಿ ನಿಂತವರಲ್ಲಿ ನೀವೂ ಇದ್ದಿರಬಹುದು. ಇಲ್ಲಿ ಪಟ್ಟಿ ಇರಲಿಲ್ಲ. ಯಾವ ತಾಣವನ್ನು ಬೇಕಾದರೂ ನೋಡಬಹುದಿತ್ತು. ಹಾಗಾಗಿ ಫೆಬ್ರವರಿಯ ನಿಯಮ ಇದಕ್ಕೆ ಅಡ್ಡಿಯಾಗಲಿಲ್ಲ.

ಇದರ ಪರಿಣಾಮ ಅಗಾಧ. ಟ್ರಾಯ್ ಲೆಕ್ಕದಂತೆ 2014ರಲ್ಲಿ ಒಂದು ಜಿಬಿ ದತ್ತಾಂಶಕ್ಕೆ ಸರಾಸರಿ 269 ರೂಪಾಯಿ ಆಗುತ್ತಿತ್ತು. 2018ರಲ್ಲಿ ಅದು 11.78 ರೂಪಾಯಿಗೆ ಇಳಿಯಿತು. ಫ್ರೀ ಬೇಸಿಕ್ಸ್ ಇಲ್ಲದೆ ಬಡವರು ಅಂತರಜಾಲ ಕಾಣುವುದಿಲ್ಲ ಎಂಬ ವಾದ ಹೀಗೆ ಬಿದ್ದುಹೋಯಿತು. ಆದರೆ ಈ ಉಚಿತಕ್ಕೂ ಒಂದು ಬೆಲೆ ಇತ್ತು. ದರ ಸಮರ ತಾಳಲಾರದೆ ಹಲವು ಕಂಪನಿಗಳು ಮುಚ್ಚಿದವು ಅಥವಾ ವಿಲೀನವಾದವು. ಫ್ರೀ ಬೇಸಿಕ್ಸ್‌ಗೆ ಜೊತೆಯಾಗಿದ್ದ ರಿಲಯನ್ಸ್ ಕಮ್ಯುನಿಕೇಷನ್ಸ್ ಕೂಡ 2017ರ ಕೊನೆಗೆ ಮೊಬೈಲ್ ಸೇವೆ ನಿಲ್ಲಿಸಿತು. ಕೊನೆಗೆ ಉಳಿದವು ಮೂರು ಖಾಸಗಿ ಕಂಪನಿಗಳು ಮತ್ತು ಸರ್ಕಾರಿ ಸ್ವಾಮ್ಯದ ಸಂಸ್ಥೆ. ಪೊಟ್ಟಣಗಳ ನಡುವೆ ಪಕ್ಷಪಾತ ಮಾಡದಂತೆ ತಡೆದ ನಿಯಮ, ಸಾಗಿಸುವವರ ಸಂಖ್ಯೆ ಕುಗ್ಗುವುದನ್ನು ತಡೆಯಲಿಲ್ಲ. ಅದು ಆ ನಿಯಮದ ಕೆಲಸವೂ ಆಗಿರಲಿಲ್ಲ.

ಹಳೆಯ ಅಳಲು ಕೂಡ ಉಳಿದಿದೆ. ಹೆಚ್ಚು ದತ್ತಾಂಶ ಹರಿಸುವ ದೊಡ್ಡ ತಾಣಗಳು ಜಾಲದ ಖರ್ಚಿನಲ್ಲಿ ಪಾಲು ಕೊಡಬೇಕು ಎಂದು ದೂರಸಂಪರ್ಕ ಕಂಪನಿಗಳು ಕೇಳುತ್ತಿವೆ. 2023ರ ಜುಲೈನಲ್ಲಿ ಟ್ರಾಯ್ ಹೊರಡಿಸಿದ ಇನ್ನೊಂದು ಸಮಾಲೋಚನಾ ಪತ್ರದ ಚರ್ಚೆಯಲ್ಲೂ ಇದೇ ಬೇಡಿಕೆ ಕೇಳಿಬಂತು. 2002ರಲ್ಲಿ, 2014ರಲ್ಲಿ ಕೇಳಿದ ಮಾತೇ ಇದು.

ಸಭೆಯಲ್ಲಿ ಇರದಿದ್ದವರು

ಈ ಇಡೀ ಚರ್ಚೆಯಲ್ಲಿ ಒಂದು ವಿಚಿತ್ರವಿದೆ. ಹಳ್ಳಿಯ ರೈತ, ಕೂಲಿ ಕಾರ್ಮಿಕ, ಬಡ ವಿದ್ಯಾರ್ಥಿ ಇವರ ಹೆಸರನ್ನು ಎರಡೂ ಕಡೆಯವರು ಎತ್ತಿದರು. ಆದರೆ ಟ್ರಾಯ್‌ಗೆ ಬಂದ 24 ಲಕ್ಷ ಉತ್ತರಗಳು ಅಂತರಜಾಲದ ಮೂಲಕವೇ ಹರಿದು ಬಂದವು. ಅಂದರೆ ಬರೆದವರು ಆಗಲೇ ಅಂತರಜಾಲ ಇದ್ದವರು. ಯಾರಿಗೆ ಅದು ಇರಲಿಲ್ಲವೋ ಅವರಿಗೆ ಏನು ಬೇಕು ಎಂದು ಕೇಳುವ ದಾರಿಯೇ ಅಲ್ಲಿರಲಿಲ್ಲ.

ಅವರಿಗೊಂದು ಮಾತು ಕೊಟ್ಟದ್ದು ಉಂಟು. ಪಟ್ಟಿ ಇಲ್ಲದ ಉಚಿತ ಸಾಧ್ಯ ಎಂದು ವಿರೋಧಿಸಿದವರು ಹೇಳಿದ್ದರು. ಟ್ರಾಯ್ ಕೂಡ 2016ರ ಡಿಸೆಂಬರ್‌ನಲ್ಲಿ ಗ್ರಾಮೀಣ ಚಂದಾದಾರರಿಗೆ ತಿಂಗಳಿಗೆ 100 ಎಂಬಿ ದತ್ತಾಂಶವನ್ನು ಉಚಿತವಾಗಿ ಕೊಡಬಹುದು ಎಂದು ಶಿಫಾರಸು ಮಾಡಿತು. ಆ ಶಿಫಾರಸು ಯೋಜನೆಯಾಗಿ ಹಳ್ಳಿಗೆ ಇಳಿದು ಬರಲಿಲ್ಲ. ಚರ್ಚೆ ಗೆದ್ದವರು ಸಂಭ್ರಮಿಸಿ ಮನೆಗೆ ಹೋದರು.

ಅದರ ಪರಿಣಾಮ 2020ರಲ್ಲಿ ಕಣ್ಣಿಗೆ ಬಿತ್ತು. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲ್‌ಗೆ ಬಂದಾಗ ಮಲೆನಾಡಿನ, ಕರಾವಳಿಯ ಹಳ್ಳಿಗಳ ಮಕ್ಕಳು ಸಂಕೇತ ಹುಡುಕಿಕೊಂಡು ಗುಡ್ಡ ಹತ್ತಿದರು. ದತ್ತಾಂಶ ಅಗ್ಗವಾಗಿತ್ತು, ನಿಯಮ ನ್ಯಾಯವಾಗಿತ್ತು. ಆದರೆ ಗೋಪುರವೇ ಇಲ್ಲದ ಊರಿಗೆ ಅಗ್ಗವೂ ಒಂದೇ, ತುಟ್ಟಿಯೂ ಒಂದೇ. ಮನೆಗೊಂದೇ ಫೋನ್ ಇದ್ದು ಅದನ್ನು ಅಪ್ಪ ಕೆಲಸಕ್ಕೆ ಒಯ್ದರೆ ಮಗಳಿಗೆ ತಾಟಸ್ಥ್ಯದಿಂದ ಏನು ಪ್ರಯೋಜನ?

ಹಾಗೆಂದು 2016ರ ತೀರ್ಮಾನ ತಪ್ಪು ಎಂದು ಭಾವಿಸಬೇಡಿ. ಬಾಗಿಲು ಕಾಯುವವರಿಗೆ ಅಧಿಕಾರ ಕೊಡಬಾರದು ಎಂಬುದು ಸರಿಯಾದ ತೀರ್ಮಾನ. ಆದರೆ ಅದು ಅರ್ಧ ಕೆಲಸ. ಉಳಿದರ್ಧ, ಬಾಗಿಲನ್ನು ಊರೂರಿಗೆ ತರುವುದು. ಆ ಕೆಲಸ ಅಲ್ಲಲ್ಲಿ ನಡೆದಿದೆ. ಗ್ರಾಮ ಪಂಚಾಯಿತಿಗಳಿಗೆ ದ್ಯುತಿತಂತು ಎಳೆಯುವ ಯೋಜನೆಗೆ 2011ರಲ್ಲೇ ಒಪ್ಪಿಗೆ ದೊರೆತಿತ್ತು, ಅದೇ ಮುಂದೆ ಭಾರತ್‌ನೆಟ್ ಆಯಿತು. ಸಣ್ಣ ಅಂಗಡಿಯವರೂ ಪರವಾನಗಿ ಇಲ್ಲದೆ ವೈಫೈ ಸೇವೆ ನೀಡಬಹುದಾದ ಯೋಜನೆಗೆ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಸಮ್ಮತಿಸಿತು. ಕೇರಳ ರಾಜ್ಯ ತನ್ನದೇ ದ್ಯುತಿತಂತು ಜಾಲವನ್ನು 2023ರ ಜೂನ್‌ನಲ್ಲಿ ಉದ್ಘಾಟಿಸಿತು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ, ಹಲವೆಡೆ ಪುಸ್ತಕಗಳ ಪಕ್ಕದಲ್ಲೇ ಗಣಕಯಂತ್ರಗಳು ಬಂದಿವೆ.

ಆದ್ದರಿಂದ ಮುಂದಿನ ಬಾರಿ ನಿಮ್ಮ ಊರಿನ ಅರಿವು ಕೇಂದ್ರದ ಮುಂದೆ ಹಾದುಹೋಗುವಾಗ ಒಮ್ಮೆ ಒಳಗೆ ಹೋಗಿ ನೋಡಿ. ಗಣಕ ಇದೆಯೇ? ಅದಕ್ಕೆ ಅಂತರಜಾಲ ಸಂಪರ್ಕ ಇದೆಯೇ? ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಬರುವ ಹೊತ್ತಿನಲ್ಲಿ ಬಾಗಿಲು ತೆರೆದಿರುತ್ತದೆಯೇ? ಇಲ್ಲವಾದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಅದು ಯಾರೋ ಕೊಟ್ಟ ದಾನವಲ್ಲ, ನಮ್ಮ ತೆರಿಗೆಯ ಹಣದಿಂದ ನಡೆಯುವಂಥದ್ದು. ಟ್ರಾಯ್‌ಗೆ ಇ-ಮೇಲ್ ಕಳಿಸಲು ಅಂತರಜಾಲ ಬೇಕಿತ್ತು. ಗ್ರಾಮಸಭೆಯಲ್ಲಿ ಮಾತನಾಡಲು ಅದೂ ಬೇಕಿಲ್ಲ.